ಬೊಡ್ಡೆಯ ಋಣ

ಪಾಠಶಾಲೆಯಲ್ಲಿ ತರ್ಕವನ್ನು ಓದಿದವರೆಲ್ಲರಿಗೂ ಬೊಡ್ಡೆಯ ಪರಿಚಯವಿರುವುದಷ್ಟೆ. ಅನ್ನಂಭಟ್ಟನು ತನ್ನ ತರ್ಕಸಂಗ್ರಹದಲ್ಲಿ ಸಂಶಯವೆಂದರೇನೆಂಬುದನ್ನು ತಿಳಿಸುವುದಕ್ಕೆ ಕೊಟ್ಟಿರುವ ಉದಾಹರಣೆಯೇ ಅದು: ಎದುರಿಗೆ ಕಾಣುವುದು ಮೋಟುಮರವೋ, ಮನುಷ್ಯನೋ ಎಂಬುದು. ಯಾಸ್ಕಾಚಾರ್ಯರ ನಿರುಕ್ತದಲ್ಲಿಯೂ ಬೊಡ್ಡೆಯು ಬರುತ್ತದೆ. ಅರ್ಥವನ್ನರಿಯದೆ ವೇದವನ್ನು ಕಂಠಸ್ಥ ಮಾಡಿಕೊಂಡವನು ಅಲ್ಲಿ ಹೊರೆ ಹೊತ್ತ ಸ್ಥಾಣುವೆನಿಸಿಕೊಂಡಿದ್ದಾನೆ. ಇವೆರಡನ್ನೂ ನಾನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಹೇಳಿಕೊಟ್ಟೆನು. ಆದರೆ ನಮ್ಮ ಹಿತ್ತಲಿನಲ್ಲಿದ್ದ ನಿಜವಾದ ಬೊಡ್ಡೆಯೊಂದು ನನಗೆ ಪಾಠ ಹೇಳಿದುದು 2024ರ ಮಳೆಗಾಲದಲ್ಲಿ. ಆ ಪಾಠವನ್ನು ವಾಚಕರ ಮುಂದಿಡಬೇಕೆಂಬುದೇ ಈ ಬರವಣಿಗೆಯ ಉದ್ದೇಶ. ಇದರಲ್ಲಿ ನನ್ನ ತಪ್ಪೊಪ್ಪಿಗೆಯೂ ಸೇರಿದೆ.

ನಾನು ಹುಟ್ಟಿದ ವರ್ಷ ನಮ್ಮ ತಂದೆಯವರು ಹಿತ್ತಲಿನಲ್ಲಿ ಒಂದು ಹಲಸಿನ ಸಸಿಯನ್ನು ನೆಟ್ಟರು. ಅದು ಬೆಳೆದು, ಬೇಸಗೆ ಬಂತೆಂದರೆ ಬೀದಿಯವರೆಲ್ಲರಿಗೂ ತೊಳೆಯನ್ನು ಹಂಚುವಷ್ಟು ಫಲ ಕೊಡುತ್ತಿದ್ದಿತು. 2011ರಲ್ಲಿ ತಂದೆಯವರು ತೀರಿಕೊಂಡರು. ಮರುವರ್ಷ ನಾನೂ ನನ್ನ ತಮ್ಮನೂ ಮನೆಯನ್ನು ಪಾಲು ಮಾಡಿಕೊಂಡೆವು. ನಡುವೆ ಗೋಡೆಯನ್ನೆತ್ತಬೇಕಾಯಿತು. ಮರದ ಬೇರು ಗೋಡೆಯ ತಳಪಾಯವನ್ನು ಸೀಳುವುದೆಂದು ಮೇಸ್ತ್ರಿ ಹೇಳಿದುದರಿಂದ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಅಧಿಕಾರಿಗಳ ಅನುಮತಿಯನ್ನು ಪಡೆದು ಮರವನ್ನು ಕಡಿಸಿದೆವು. ಹಲಸಿನ ಮರಕ್ಕೆ ಬೆಲೆಯಿದೆ. ಅದರ ಚೇಗು ಬಾಗಿಲಿಗೂ ಆಗುತ್ತದೆ, ವೀಣೆಗೂ ಆಗುತ್ತದೆ; ಗೆದ್ದಲಿಗೆ ಬೇಗನೆ ಬಗ್ಗುವುದಿಲ್ಲ. ಮರದ ವ್ಯಾಪಾರಿಯು ದಿಮ್ಮಿಗೆ 32,000 ರೂಪಾಯಿಗಳನ್ನು ಕೊಟ್ಟು, ನೆಲದಿಂದ ಮೊಳದೆತ್ತರಕ್ಕೆ ಕೊಯ್ದುಕೊಂಡು ಹೋದನು.

ಆ ಹಣವನ್ನು ನಾನು ತೆಗೆದುಕೊಂಡೆನು. ನಾನು ಹಿರಿಯ, ಮರವು ನನ್ನ ಹೆಸರಿನಲ್ಲಿ ನೆಟ್ಟುದು, ಬಾಲ್ಯದಲ್ಲಿ ಅದಕ್ಕೆ ನೀರು ಹೊತ್ತವನು ನಾನು ಎಂದು ಮುಂತಾಗಿ ಕಾರಣಗಳು ಆಗ ತಾವಾಗಿಯೇ ಒದಗಿ ಬಂದವು. ತಮ್ಮನು ಅದಕ್ಕೆ ಎದುರಾಡಲಿಲ್ಲ. ಆದರೆ ಗೋಡೆಯ ದಾರವನ್ನು ಹಿಡಿದಾಗ ಬೊಡ್ಡೆಯು ಅವನ ಪಾಲಿನೊಳಕ್ಕೆ, ಅಡಿಗೆಮನೆಯಿಂದ ಬಾವಿಗೆ ಹೋಗುವ ದಾರಿಯ ಮಗ್ಗುಲಿಗೆ ಬಿದ್ದಿತು. "ಅಣ್ಣ, ಈ ಬೊಡ್ಡೆಯನ್ನು ಈಗಲೇ ಅಗೆಸಿಬಿಡೋಣವೆ? ಮೂರಾಳಿಗೆ ಎರಡು ದಿನದ ಕೆಲಸ, 1,800 ರೂಪಾಯಿ ಆದೀತು, ಅರ್ಧರ್ಧ ಹಾಕೋಣ" ಎಂದು ಅವನು ಕೇಳಿದನು. ನಾನು ನಕ್ಕು, "ನೆಲ ಯಾರದೋ ನೆಲದೊಳಗಿನದೂ ಅವರದೇ ಅಲ್ಲವೇನಪ್ಪ? ಪಾಲುಪತ್ರದಲ್ಲಿ ಇದ್ದದ್ದು ಇದ್ದಹಾಗೆ ಎಂದು ಬರೆದಾಗಿದೆ" ಎಂದೆನು. ಆ ಮಾತಿನಲ್ಲಿ ತರ್ಕದೋಷವೇನೂ ಇರಲಿಲ್ಲ. ಅಂದು ನಾನು ನನ್ನ ಜಾಣತನಕ್ಕೆ ಹಿಗ್ಗಿದೆನೆಂಬುದನ್ನೂ ಮುಚ್ಚಿಡಲಾರೆನು. ತಮ್ಮನು ಮತ್ತೆ ಆ ಮಾತನ್ನೆತ್ತಲಿಲ್ಲ. ಅವನ ಕೈಯಲ್ಲಿ ಆಗ ಹಣವಿರಲಿಲ್ಲ. ಆಮೇಲೆ ಅದು ಇದ್ದುದೇ ಹಾಗೆಂದು ಎಲ್ಲರಿಗೂ ರೂಢಿಯಾಯಿತು.

ಹೀಗೆ ಹನ್ನೆರಡು ವರ್ಷಗಳು ಕಳೆದವು. 2024ರ ಆಷಾಢದ ಒಂದು ರಾತ್ರಿ ವಿದ್ಯುದ್ದೀಪಗಳು ಆರಿಹೋಗಿದ್ದಾಗ, ತಮ್ಮನ ಹೆಂಡತಿಯು ಒಣಹಾಕಿದ್ದ ಬಟ್ಟೆಗಳನ್ನು ತರಲೆಂದು ಹಿತ್ತಲಿಗೆ ಹೋಗಿ, ಬೊಡ್ಡೆಯ ಹೊರಚಾಚಿದ ಬೇರನ್ನು ಎಡವಿ ಬಿದ್ದು, ಬಲಗೈಯ ಮಣಿಕಟ್ಟಿನ ಎಲುಬನ್ನು ಮುರಿದುಕೊಂಡಳು. ಮರುದಿನ ನಾನು ನೋಡಲು ಹೋದಾಗ ಆಕೆಯ ಕೈಗೆ ಪಟ್ಟಿ ಕಟ್ಟಿದ್ದರು. ತಮ್ಮನು ಕುರ್ಚಿಯನ್ನು ಹಾಕಿ ಸುಮ್ಮನೆ ನಿಂತನು. ಆಕೆಯೇ, "ಭಾವನವರೆ, ಅದು ಮಾವನವರು ನೆಟ್ಟ ಮರದ್ದು. ಅದೇನು ಮಾಡೀತು? ನಾನೇ ನೋಡದೆ ಕಾಲಿಟ್ಟೆ" ಎಂದಳು. ಬೈದಿದ್ದರೆ ಉತ್ತರ ಹೇಳುತ್ತಿದ್ದೆನೇನೋ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ನಿದ್ರೆ ಬಾರದೆ ಯಾಜ್ಞವಲ್ಕ್ಯಸ್ಮೃತಿಯ ದಾಯವಿಭಾಗಪ್ರಕರಣವನ್ನು ತೆಗೆದು ಕುಳಿತೆನು. ಅದಕ್ಕೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕನ್ನಡನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದವನು. ಬಂಗಾಳವನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಪಾಲುಪಾರಿಖತ್ತುಗಳಿಗೆಲ್ಲ ಅವನ ಗ್ರಂಥವೇ ಬಹುಕಾಲ ಆಧಾರವಾಗಿದ್ದಿತು. ತಂದೆತಾಯಿಗಳ ತರುವಾಯ ಮಕ್ಕಳು ರಿಕ್ಥವನ್ನೂ ಋಣವನ್ನೂ ಸಮವಾಗಿ ಹಂಚಿಕೊಳ್ಳಬೇಕೆಂದು ಆ ಸ್ಮೃತಿಯು ವಿಧಿಸುತ್ತದೆ. ರಿಕ್ಥವೆಂದರೆ ಬಿಟ್ಟುಹೋದ ಆಸ್ತಿ. ಋಣವೆಂದರೆ ಬಿಟ್ಟುಹೋದ ಸಾಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದರ ಗಂಭೀರತೆಯು ನನಗೆ ಅಂದು ಗೋಚರವಾಯಿತು. ದಿಮ್ಮಿಯು ರಿಕ್ಥವಾದರೆ ಬೊಡ್ಡೆಯು ಋಣ. ನಾನು ಮೊದಲನೆಯದನ್ನು ಪೂರ್ತಿಯಾಗಿ ಇಟ್ಟುಕೊಂಡು ಎರಡನೆಯದನ್ನು ಪೂರ್ತಿಯಾಗಿ ತಮ್ಮನಿಗೆ ಬಿಟ್ಟಿದ್ದೆನು. ನಿರುಕ್ತವು ಹೇಳುವ ಹೊರೆ ಹೊತ್ತ ಸ್ಥಾಣುವನ್ನು ಹುಡುಕಲು ಹಿತ್ತಲಿಗೆ ಹೋಗಬೇಕಾಗಿರಲಿಲ್ಲ.

ಬೊಡ್ಡೆಯನ್ನು ತೆಗೆಯಿಸುವುದೆಂದು ನಿಶ್ಚಯಿಸಿದ ಮೇಲೆ ಅದರ ಕಷ್ಟವು ತಿಳಿಯಿತು. ಈಗ ಅದರ ಮಗ್ಗುಲಿಗೇ ಗೋಡೆಯಿದೆ. ಬೇರುಗಳು ಗೋಡೆಯ ಕೆಳಗೆ ಹಾಯ್ದಿವೆ. ಆಳುಗಳು ಅಗೆದರೆ ತಳಪಾಯವು ಸಡಿಲಾಗುವುದು. ಮಣ್ಣು ತೋಡುವ ದೊಡ್ಡ ಯಂತ್ರವು ನಮ್ಮ ಓಣಿಯಲ್ಲಿ ನುಗ್ಗಲಾರದು. ನುಗ್ಗಿದರೂ ಬೇರಿನೊಡನೆ ಗೋಡೆಯನ್ನೂ ಕಿತ್ತೀತು. ಬೆಂಕಿಯಿಟ್ಟು ಸುಡೋಣವೆಂದರೆ ಸೂರು ಹತ್ತಿರ. ಉಪ್ಪನ್ನು ತುಂಬಿದರೆ ನೆಲವೇ ಕೆಡುವುದು. ತಾನಾಗಿ ಕೊಳೆಯಲೆಂದರೆ ಹಲಸಿನ ಚೇಗಿಗೆ ಹನ್ನೆರಡು ವರ್ಷವೂ ಸಾಲದಾಗಿದ್ದಿತು. ಕಡೆಗೆ ಪಟ್ಟಣದಿಂದ ಬೊಡ್ಡೆಯನ್ನು ಅರೆಯುವ ಯಂತ್ರವನ್ನು ತರಿಸಬೇಕಾಯಿತು. ಅದೊಂದು ಸಣ್ಣ ಬಂಡಿ. ಮುಂಭಾಗದಲ್ಲಿ ಗಟ್ಟಿ ಲೋಹದ ಹಲ್ಲುಗಳುಳ್ಳ ಚಕ್ರವು ಅತಿವೇಗದಿಂದ ತಿರುಗುತ್ತ ಮರವನ್ನು ಪದರ ಪದರವಾಗಿ ಕೆರೆದು ಪುಡಿ ಮಾಡುತ್ತದೆ.

ಯಂತ್ರದವನು ಮೊದಲು ಅಳತೆಯನ್ನು ತೆಗೆದನು. ಕೊಯ್ದ ಮುಖವು ಎರಡೂವರೆ ಅಡಿ ಅಗಲವೆಂದು ನಾನು ಹೇಳಿದೆನು. ಅವನು ತಲೆಯಾಡಿಸಿ, ಬೇರುಗಳು ಕವಲೊಡೆದು ನೆಲವನ್ನು ಮುಟ್ಟುವ ಕಡೆ, ಎಲ್ಲಕ್ಕಿಂತ ಅಗಲವಾದ ಜಾಗದಲ್ಲಿ ಪಟ್ಟಿಯನ್ನು ಹಿಡಿದನು. ನಾಲ್ಕು ಅಡಿಯಾಯಿತು. "ಮೇಲಿನ ಅಳತೆ ಮಾರುವವರಿಗೆ ಸ್ವಾಮಿ, ತೆಗೆಯೋದಕ್ಕೆ ನೆಲದ ಅಳತೇನೇ" ಎಂದನು. ಸಾಗಾಟವೂ ಸೇರಿ 11,000 ರೂಪಾಯಿಗೆ ಒಪ್ಪಿದನು. ಅಂದು 900 ರೂಪಾಯಿಯನ್ನು ಉಳಿಸಿದೆನೆಂದುಕೊಂಡಿದ್ದವನ ಲೆಕ್ಕವು ಹೀಗಾಯಿತು. ಮುರಿದ ಮಣಿಕಟ್ಟನ್ನು ಯಾವ ಅಂಕಣದಲ್ಲಿ ಬರೆಯಬೇಕೋ ನನಗೆ ತಿಳಿಯದು.

ಇದು ಒಂದು ಮನೆಯ ಮಾತೆಂದು ವಾಚಕರು ತಳ್ಳಿಹಾಕಬಾರದೆಂದು ಪ್ರಾರ್ಥಿಸುವೆನು. ಲಾಭವನ್ನು ಕೊಯ್ದ ಮುಖದಲ್ಲಿ ಅಳೆದು, ನೆಲದ ಮಟ್ಟದ ಅಳತೆಯನ್ನು ಮುಂದಿನವರಿಗೆ ಬಿಡುವುದು ನಮ್ಮ ಕಾಲದ ದೊಡ್ಡ ಅಭ್ಯಾಸವಾಗಿದೆ. ಕೋಲಾರದ ಚಿನ್ನದ ಗಣಿಗಳು ನೂರು ವರ್ಷಗಳಿಗೂ ಮೇಲ್ಪಟ್ಟು ನಡೆದು 2001ರಲ್ಲಿ ಮುಚ್ಚಿದವು. ಚಿನ್ನವು ಎಲ್ಲೆಲ್ಲಿಗೋ ಹೋಯಿತು. ಸಯನೈಡಿನಿಂದ ತೊಳೆದ ಮಣ್ಣಿನ ಗುಡ್ಡಗಳು ಅಲ್ಲಿಯ ನಿವಾಸಿಗಳ ಪಾಲಿಗೆ ಉಳಿದವು. ನೀರಿಗಾಗಿ ಕೊಳವೆಬಾವಿಯನ್ನು ಕೊರೆಯಿಸುವವನು ಅಡಿಗಿಷ್ಟೆಂದು ಲೆಕ್ಕ ಹಾಕುತ್ತಾನೆ. ನೀರು ಬಾರದಿದ್ದರೆ ಅದನ್ನು ಮುಚ್ಚಿಸುವ ಖರ್ಚನ್ನು ಯಾರು ಲೆಕ್ಕ ಹಾಕಿದರು? ಬಾಯ್ದೆರೆದ ಕೊಳವೆಗಳಲ್ಲಿ ಎಳೆಯ ಮಕ್ಕಳು ಬಿದ್ದ ಮೇಲೆ, ಅಂಥವನ್ನು ತಳದಿಂದ ನೆಲದ ಮಟ್ಟದವರೆಗೆ ತುಂಬಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವೇ 2010ರಲ್ಲಿ ಅಪ್ಪಣೆ ಮಾಡಬೇಕಾಯಿತು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಅದೇನೆಂದರೆ: ಬೊಡ್ಡೆಯೆಲ್ಲವೂ ಋಣವೆ? ಕಾಡಿನಲ್ಲಿ ಬಿದ್ದ ಮರದ ಬೊಡ್ಡೆಯು ಅಣಬೆಗೆ ಆಹಾರ, ಹುಳುಹುಪ್ಪಟೆಗಳಿಗೆ ಮನೆ, ಕಡೆಗೆ ಮಣ್ಣಿಗೆ ಸತ್ತ್ವ. ಅಲ್ಲಿ ಅದನ್ನು ಕೀಳುವುದೇ ಅಧರ್ಮವಾದೀತು. ಈ ಮಾತು ನಿಜ. ಆದುದರಿಂದ ದೋಷವು ಬೊಡ್ಡೆಯಲ್ಲಿಲ್ಲ; ಅದು ಯಾರ ದಾರಿಯಲ್ಲಿ, ಯಾರ ಲಾಭದಿಂದ ಉಳಿಯಿತೆಂಬುದರಲ್ಲಿದೆ. ಇನ್ನು, ಪಾಲುಪತ್ರವು ಒಪ್ಪಿದ ಮೇಲೆ ಮುಗಿಯಿತಲ್ಲವೆ ಎಂದರೆ, ವ್ಯವಹಾರವು ಮುಗಿಯಿತು ಎಂದಷ್ಟೇ ಹೇಳಬಹುದು. ವ್ಯವಹಾರವು ಸಹಿಯನ್ನು ನೋಡುತ್ತದೆ; ಸಹಿ ಮಾಡಿದ ದಿನ ಒಬ್ಬನಿಗೆ ಬೇಡವೆನ್ನುವ ಶಕ್ತಿಯಿದ್ದಿತೆ ಎಂಬುದನ್ನು ಧರ್ಮವು ನೋಡುತ್ತದೆ. ನನ್ನ ತಮ್ಮನಿಗೆ ಅಂದು ಆ ಶಕ್ತಿಯಿರಲಿಲ್ಲ, ಏಕೆಂದರೆ ಎದುರಿಗಿದ್ದವನು ಅಣ್ಣ.

ಯಂತ್ರವು ಅರ್ಧ ದಿನ ಕೆಲಸ ಮಾಡಿತು. ಮೇಲಿನ ಕಪ್ಪು ಸಿಪ್ಪೆ ಹೋದ ಮೇಲೆ ಒಳಗಿನಿಂದ ಅರಿಶಿನದ ಬಣ್ಣದ ಪುಡಿಯು ಚೆಲ್ಲತೊಡಗಿತು. ತಮ್ಮನು ಒಂದು ಹಿಡಿಯನ್ನು ಎತ್ತಿ ಮೂಸಿ ನೋಡಿದನು. ಬಳಿಕ, "ಅಣ್ಣ, ಅರ್ಧ ನಾನು ಹಾಕುತ್ತೇನೆ" ಎಂದನು. ಹನ್ನೆರಡು ವರ್ಷಗಳ ಹಿಂದಿನ ಮಾತೇ ಅದು, ಒಂದಕ್ಷರವೂ ಬದಲಾಗಿರಲಿಲ್ಲ. ನಾನು ಬೇಡವೆಂದು, ಯಂತ್ರದ ಹಣವನ್ನು ಕೊಟ್ಟು, ಅಂದಿನ ದಿಮ್ಮಿಯ ಅರ್ಧವಾದ 16,000 ರೂಪಾಯಿಗಳನ್ನು ಅವನ ಕೈಯಲ್ಲಿಟ್ಟೆನು. ಅವನು ಉಪಚಾರಕ್ಕಾಗಿ ನಿರಾಕರಿಸುವನೆಂದು ನಾನು ಹೆದರಿದ್ದೆನು. ನಿರಾಕರಿಸಿದ್ದರೆ ಅವನು ದೊಡ್ಡವನಾಗುತ್ತಿದ್ದನು, ನಾನು ಸಾಯುವವರೆಗೆ ಸಾಲಗಾರನಾಗಿ ಉಳಿಯುತ್ತಿದ್ದೆನು. ಅವನು ಎಣಿಸಿ ನೋಡಿ ಜೇಬಿನಲ್ಲಿಟ್ಟುಕೊಂಡನು. ಅದಕ್ಕಾಗಿ ನಾನು ಅವನಿಗೆ ಕೃತಜ್ಞನಾಗಿದ್ದೇನೆ.

ಹೊರಡುವಾಗ ಯಂತ್ರದವನು ಎರಡು ಮಾತುಗಳನ್ನು ಹೇಳಿದನು. ಹಸಿ ಪುಡಿಯು ಕೊಳೆಯುವಾಗ ಮಣ್ಣಿನ ಸಾರವನ್ನು ಎಳೆದುಕೊಳ್ಳುವುದರಿಂದ ಆ ಜಾಗದಲ್ಲಿ ಕೂಡಲೇ ಗಿಡ ನೆಡಬಾರದೆಂಬುದು ಒಂದು. ಚಕ್ರವು ಒಂದಡಿಯ ಆಳಕ್ಕೆ ಮಾತ್ರ ಹೋಗಿದೆ, ಕೆಳಗಿನ ಬೇರುಗಳು ಹಾಗೆಯೇ ಇವೆ. ಅವು ಕೊಳೆತಂತೆಲ್ಲ ನೆಲವು ಕುಸಿಯುವುದು, ಆಗಾಗ ಮಣ್ಣು ಹಾಕುತ್ತಿರಬೇಕೆಂಬುದು ಇನ್ನೊಂದು. ಹಣವನ್ನು ಕೊಟ್ಟುಬಿಟ್ಟರೆ ಎಲ್ಲವೂ ಮುಗಿಯಿತೆಂದುಕೊಂಡಿದ್ದ ನನಗೆ ಎರಡನೆಯ ಮಾತು ಮನಸ್ಸಿನಲ್ಲಿ ನಿಂತಿತು. ಮರುವರ್ಷದ ಮಳೆಗೆ ಅಲ್ಲಿ ಬೊಗಸೆಯಾಳದ ಕುಳಿ ಬಿದ್ದಿತು. ತಮ್ಮನ ಮನೆಗೆ ಗೋಡೆಯನ್ನು ಸುತ್ತಿ ಬೀದಿಯಿಂದಲೇ ಹೋಗಬೇಕು. ನಾನು ಎರಡು ಬುಟ್ಟಿ ಕೆಮ್ಮಣ್ಣನ್ನು ಹೊತ್ತುಕೊಂಡು ಹೋಗಿ ಸುರಿದು, ಕಾಲಿನಿಂದ ತುಳಿದು ಸಮಮಾಡಿ ಬಂದೆನು. ನೆಲವು ಕುಸಿಯುವುದು ನಿಲ್ಲುವವರೆಗೆ, ಅಥವಾ ನನ್ನ ಕಾಲುಗಳಲ್ಲಿ ಬಲವಿರುವವರೆಗೆ, ಅದು ನನ್ನ ಕೆಲಸ.