ಸುಲಿಯುವವನು ಯಾರು?

ಅಡಿಕೆ ಸುಲಿಯುತ್ತೇವೆ. ತೆಂಗಿನಕಾಯಿ ಸುಲಿಯುತ್ತೇವೆ. ಸತ್ತ ದನದ ಚರ್ಮ ಸುಲಿಯುತ್ತೇವೆ. ‘ಕಡಿ’ ಅಂದರೆ ಒಂದೇಟಿಗೆ ಎರಡು ತುಂಡು. ಸುಲಿಯುವುದು ಹಾಗಲ್ಲ. ಹೊರಗಿನದನ್ನು ಒಳಗಿನದರಿಂದ ಬಿಡಿಸಬೇಕು. ಅದಕ್ಕೆ ಹೊತ್ತು ಬೇಕು, ಕೈಯಲ್ಲಿ ಹದ ಬೇಕು. ಚೂರಿ ಕೂದಲೆಳೆಯಷ್ಟು ಜಾರಿದರೂ ತೊಗಲು ತೂತಾಗಿ ಬೆಲೆ ಬೀಳುತ್ತದೆ. ನಮ್ಮ ಕೇರಿಯ ಹಿರಿಯರ ಈ ವಿದ್ಯೆಗೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಡಲಿಲ್ಲ.

ಇದೇ ಧಾತುವಿನಿಂದ ‘ಸುಲಿಗೆ’ ಹುಟ್ಟಿದೆ. ಆ ಮಾತು ಕೇಳಿದ ಕೂಡಲೇ ಅಡಿಕೆ ನೆನಪಾಗುವುದಿಲ್ಲ, ಬಡ್ಡಿ ಸಾಹುಕಾರ ನೆನಪಾಗುತ್ತಾನೆ. ‘ಜನಾನ ಸುಲ್ಕೊಂಡು ತಿಂತಾನೆ ಕಣಪ್ಪ’ ಅನ್ನುವ ನಮ್ಮ ತಾಯಂದಿರು ಅಲಂಕಾರಕ್ಕೆ ಹೀಗೆ ಹೇಳುವುದಿಲ್ಲ. ಸುಲಿಯುವುದನ್ನು ಹತ್ತಿರದಿಂದ ಕಂಡವರು ಅವರು.

ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ನಾವು ಅಲ್ಲಿಂದ ‘ಶೋಷಣೆ’ ಎಂಬ ಮಾತು ಹೊತ್ತು ತಂದೆವು. ಸಂಸ್ಕೃತದ ‘ಶುಷ್’, ಅಂದರೆ ಒಣಗು, ಅದರ ಮೂಲ. ಭಾಷಣಕ್ಕೆ ಒಳ್ಳೆಯ ಮಾತೇ. ಆದರೆ ‘ಶೋಷಣೆ ನಡೆಯುತ್ತಿದೆ’ ಅಂದರೆ ಬೇಸಿಗೆಯಲ್ಲಿ ಕೆರೆ ಒಣಗಿದಂತೆ ಕೇಳುತ್ತದೆ, ಯಾರ ಕೈಯೂ ಕಾಣುವುದಿಲ್ಲ. ‘ಸುಲಿದ’ ಅಂದು ನೋಡಿ. ಯಾರು ಸುಲಿದ, ಯಾರನ್ನು ಸುಲಿದ ಎಂದು ಎದುರಿನವನು ಕೇಳಿಯೇ ಕೇಳುತ್ತಾನೆ.

ಈಗ ನಮ್ಮ ಪ್ರಶ್ನೆ. ಸತ್ತ ದನ ಸುಲಿದವನು ಮೈಲಿಗೆ. ಬದುಕಿರುವ ಮನುಷ್ಯರನ್ನು ಸುಲಿದವನಿಗೆ ಗುಡಿಯಲ್ಲಿ ಮೊದಲ ಮಂಗಳಾರತಿ. ಹಾಗಾದರೆ ಮೈಲಿಗೆ ಇರುವುದೆಲ್ಲಿ? ಚರ್ಮದಲ್ಲೇ? ಮೃದಂಗಕ್ಕೆ ಬಿಗಿದ ತೊಗಲು ಗರ್ಭಗುಡಿಯ ಮುಂದೆಯೇ ನುಡಿಯುತ್ತದೆ. ಕಪಿಲೆ ಬಾವಿಯಿಂದ ಚರ್ಮದ ಚೀಲ ಎತ್ತಿದ ನೀರಿಗೆ ಗೌಡರ ಗದ್ದೆ ಮೂಗು ಮುರಿಯಲಿಲ್ಲ. ಕೆಲಸದಲ್ಲೇ? ಆಪರೇಷನ್ ಮಾಡುವ ಡಾಕ್ಟರೂ ಚರ್ಮ ಬಿಡಿಸುತ್ತಾರೆ, ನಾವು ಕೈ ಮುಗಿಯುತ್ತೇವೆ. ಮೈಲಿಗೆಯನ್ನು ಹುಟ್ಟಿಗೆ ಹೊಲಿದಿದ್ದಾರೆ, ಅಷ್ಟೇ.

ಹರಳಯ್ಯನ ಕಥೆ ನಿಮಗೆ ಗೊತ್ತು. ಬಸವಣ್ಣನಿಗೆಂದು ಗಂಡ ಹೆಂಡತಿ ತಮ್ಮ ತೊಡೆಯ ಚರ್ಮ ಸುಲಿದು ಮೆಟ್ಟು ಮಾಡಿದರಂತೆ. ಕೇಳಿದವರು ಕಣ್ಣೊರೆಸಿಕೊಳ್ಳುತ್ತಾರೆ. ನಮಗೆ ಕಣ್ಣೀರಿಗಿಂತ ಸಿಟ್ಟೇ ಮೊದಲು ಬರುತ್ತದೆ. ಭಕ್ತಿಯ ಸಾಕ್ಷಿಗೂ ನಮ್ಮ ತೊಡೆಯೇ ಆಗಬೇಕೆ? ಕಥೆಯ ಮುಂದಿನ ಭಾಗವನ್ನು ಜನ ಅಷ್ಟು ಪ್ರೀತಿಯಿಂದ ಹೇಳುವುದಿಲ್ಲ. ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ತಂದಾಗ ಇಬ್ಬರು ಬೀಗರಿಗೂ ಎಳೆಹೂಟೆಯ ಶಿಕ್ಷೆ. ತಾವಾಗಿ ಸುಲಿದು ಕೊಟ್ಟ ಚರ್ಮಕ್ಕೆ ಕಲ್ಯಾಣದಲ್ಲಿ ಯಾರ ತಕರಾರೂ ಇರಲಿಲ್ಲ. ತಕರಾರು ಬಂದದ್ದು ಮದುವೆಗೆ.

ಹಾಗಾದರೆ ಚೂರಿ ಕೆಳಗಿಡಬೇಕೆ? ನಮ್ಮಲ್ಲೇ ಎರಡು ಮಾತಿದೆ. ಕುಶಲದ ಕಸುಬು, ಯಾಕೆ ನಾಚಬೇಕು ಅನ್ನುವವರಿದ್ದಾರೆ. ಅಂಬೇಡ್ಕರ್ 1927ರಲ್ಲಿ ಮಹಾಡದಲ್ಲಿ ಸತ್ತ ದನದ ಮಾಂಸ ಬಿಡಿ, ಎಂಜಲು ಬಿಡಿ ಎಂದರು. ನಾವು ಅವರ ಕಡೆ. ಇಷ್ಟಪಟ್ಟು ಹಿಡಿದದ್ದು ಕಸುಬು. ಬಿಟ್ಟರೆ ಊರು ಸುಮ್ಮನಿರದೆ ಹೊಡೆಯುತ್ತದೆ ಅಂದರೆ ಅದು ಬಿಟ್ಟಿ ಚಾಕರಿ. ಮಾಡಿದರೂ ಹೊಡೆಯುತ್ತಾರೆ ಅನ್ನುವುದು 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಕಂಡಿತು. ಸತ್ತ ಹಸು ಸುಲಿಯುತ್ತಿದ್ದವರನ್ನು ಗೋರಕ್ಷಕರೆಂಬವರು ಕಾರಿಗೆ ಕಟ್ಟಿ ಥಳಿಸಿದರು. ಅದೇ ತಿಂಗಳು ಸುರೇಂದ್ರನಗರದ ದಲಿತರು ಸತ್ತ ದನಗಳನ್ನು ತಂದು ಜಿಲ್ಲಾಧಿಕಾರಿ ಕಚೇರಿ ಮುಂದೆ ಹಾಕಿದರು. ಆಗಸ್ಟ್‌ನಲ್ಲಿ ಊನಾಕ್ಕೆ ನಡೆದು ಹೋದವರು ಹಸುವಿನ ಬಾಲ ನಿಮಗಿರಲಿ, ನಮಗೆ ಭೂಮಿ ಕೊಡಿ ಎಂದು ಕೂಗಿದರು.

ಭೂಮಿ ಅಂದಾಗ ನಮ್ಮ ರಾಜ್ಯದ ಲೆಕ್ಕವನ್ನೂ ನೋಡಬೇಕು. ಸರ್ಕಾರ ನಮ್ಮವರಿಗೆ ಮಂಜೂರು ಮಾಡಿದ ಜಮೀನು ಕೈ ಬಿಟ್ಟು ಹೋಗುತ್ತಿದ್ದುದರಿಂದಲೇ 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ವಾಪಸ್ ಕೇಳಿ ಅರ್ಜಿ ಹಾಕಿದರೆ ತಡವಾಯಿತು ಎಂಬ ಉತ್ತರ. 2017ರಲ್ಲಿ ಸುಪ್ರೀಂ ಕೋರ್ಟು ಕೂಡ ತಡವನ್ನೇ ಎತ್ತಿ ಹೇಳಿತು. ಕಾಲಮಿತಿ ಇಲ್ಲವೆಂದು ಶಾಸನಸಭೆ ತಿದ್ದುಪಡಿ ತಂದದ್ದು 2023ರಲ್ಲಿ. ಅಷ್ಟರಲ್ಲಿ ಎಷ್ಟೋ ಅಜ್ಜಂದಿರು ಮಣ್ಣಾಗಿದ್ದರು. ಅವರ ಜಮೀನು ಸುಲಿದವರು ಚೂರಿ ಮುಟ್ಟಿದವರಲ್ಲ. ಒಂದು ಕಾಗದ ಮತ್ತು ಅಜ್ಜನ ಹೆಬ್ಬೆಟ್ಟಿಗೆ ಹಚ್ಚಲು ಒಂದಿಷ್ಟು ಮಸಿ ತಂದಿದ್ದರು.