ಅತಿಭಾರವೆಂಬ ಅತಿಚಾರ

ಶ್ರಾವಕನ ಅಹಿಂಸಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಕೊನೆಯ ಎರಡು ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಒಂದು, ಪ್ರಾಣಿಯ ಮೇಲೆ ಮಿತಿಮೀರಿ ಭಾರ ಹೊರಿಸುವುದು. ಇನ್ನೊಂದು, ಅದರ ಮೇವು ನೀರನ್ನು ತಡೆಯುವುದು. ಇವನ್ನು ಬೇರೆ ಬೇರೆ ದೋಷಗಳೆಂದು ತಿಳಿಯುವುದು ವಾಡಿಕೆ. ಆದರೆ ಎತ್ತಿನ ದೇಹದೊಳಗೆ ಒಂದೇ ಖಾತೆಯಿದೆ; ಮೊದಲನೆಯದು ಅದರ ಖರ್ಚನ್ನು ಏರಿಸುತ್ತದೆ, ಎರಡನೆಯದು ಜಮೆಯನ್ನು ತಡೆಯುತ್ತದೆ.

ಪ್ರಾಣಿಗಳ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಗ್ಲೈಕೋಜನ್ ಎಂಬ ಪಿಷ್ಟದಂತಹ ಪದಾರ್ಥ ಸಂಗ್ರಹವಾಗಿರುತ್ತದೆ. ನಿಧಾನದ ನಡಿಗೆಗೆ ಬಹುಮಟ್ಟಿಗೆ ಕೊಬ್ಬೇ ಸಾಕು. ಏರಿನಲ್ಲಿ ಭಾರ ಎಳೆಯುವಾಗ ಕೊಬ್ಬು ಅಷ್ಟು ವೇಗದಲ್ಲಿ ಶಕ್ತಿಯನ್ನು ಒದಗಿಸಲಾರದು, ಗ್ಲೈಕೋಜನ್ ಕರಗಬೇಕು. 1966ರಲ್ಲಿ ಸ್ವೀಡನ್ನಿನ ಬರ್ಗ್‌ಸ್ಟ್ರಾಮ್ ಮತ್ತು ಹಲ್ಟ್‌ಮನ್ ಎಂಬ ವಿಜ್ಞಾನಿಗಳು ಈ ಸಂಗ್ರಹವನ್ನು ತಮ್ಮ ಮೇಲೆಯೇ ಪರೀಕ್ಷಿಸಿದರು. ಒಂದೊಂದೇ ಕಾಲಿನಿಂದ ಸೈಕಲ್ ತುಳಿದು, ಎರಡೂ ತೊಡೆಗಳಿಂದ ಸೂಜಿಯ ಮೂಲಕ ಸ್ನಾಯುವಿನ ಚೂರು ತೆಗೆದು ನೋಡಿದರು. ದುಡಿದ ಕಾಲಿನ ಸಂಗ್ರಹ ಬಹುತೇಕ ಬರಿದಾಗಿತ್ತು. ಸುಮ್ಮನಿದ್ದ ಕಾಲಿನದು ಹಾಗೆಯೇ ಇತ್ತು. (ಇಂತಹ ತಿಳಿವಿಗಾಗಿ ಅದಕ್ಕೆ ಮುಂಚೆ ಎಷ್ಟೋ ಕಪ್ಪೆ, ನಾಯಿಗಳು ಪ್ರಾಣ ತೆತ್ತಿದ್ದವು, ಇವರು ತಮ್ಮ ತೊಡೆಯನ್ನೇ ಒಡ್ಡಿದ್ದು ನೆನೆಯತಕ್ಕ ಸಂಗತಿ.)

ಕಠಿಣ ಶ್ರಮದ ನಂತರ ಕುದುರೆಯ ಸ್ನಾಯುಗಳಲ್ಲಿ ಈ ಸಂಗ್ರಹ ಪೂರ್ಣವಾಗಿ ತುಂಬಲು ಎರಡು ಮೂರು ದಿನಗಳೇ ಹಿಡಿಯುತ್ತವೆ. ಎತ್ತಿನ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಅದು ತಿಂದ ಮೇವಿನಿಂದ ಸಕ್ಕರೆ ನೇರವಾಗಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಮೇವು ಹೊಟ್ಟೆಯ ದೊಡ್ಡ ಚೀಲದಲ್ಲಿ ಹುದುಗಿ ಆಮ್ಲಗಳಾಗಬೇಕು; ಅವುಗಳಲ್ಲೊಂದರಿಂದ ಯಕೃತ್ತು ಗ್ಲೂಕೋಸನ್ನು ತಯಾರಿಸಬೇಕು. ಇದಕ್ಕೆ ಗಂಟೆಗಟ್ಟಲೆ ಮೆಲುಕು ಹಾಕುವ ಬಿಡುವು ಬೇಕು. ಮುಂದೆ ರಾಶಿ ಹುಲ್ಲು ಸುರಿದು, ಮೆಲುಕಿಗೆ ಬಿಡುವು ಕೊಡದ ಒಡೆಯನು ಅನ್ನಪಾನನಿರೋಧದ ದೋಷದಿಂದ ಪಾರಾದನೆಂದು ಹೇಳಬಹುದೇ?

1965ರ ಕೇಂದ್ರ ನಿಯಮಗಳು ದಿನಕ್ಕೆ ಒಟ್ಟು 9 ಗಂಟೆಗೂ, ವಿಶ್ರಾಂತಿಯಿಲ್ಲದೆ ಸತತ 5 ಗಂಟೆಗೂ ಮೀರಿ ಭಾರವಾಹಕ ಪ್ರಾಣಿಗಳನ್ನು ದುಡಿಸಬಾರದೆಂದು ವಿಧಿಸುತ್ತವೆ. ಒಳ್ಳೆಯ ನಿಯಮವೇ. ಆದರೂ ಅದು ಆಯಾ ದಿನದ ಲೆಕ್ಕ. ನಿನ್ನೆಯ ಬಾಕಿಯನ್ನು ಕೇಳುವುದಿಲ್ಲ. ಬೆಳಿಗ್ಗೆ ಎದ್ದು ನಿಂತ ಎತ್ತು ಹೊರನೋಟಕ್ಕೆ ಸಮರ್ಥವಾಗಿಯೇ ಕಾಣುತ್ತದೆ.

ಗಾಡಿಯವನ ಮೇಲೆ ತಪ್ಪು ಹೊರಿಸುವುದು ಸುಲಭ. ಒಂದು ದಿನ ಗಾಡಿ ಕಟ್ಟದಿದ್ದರೆ ಅವನ ಮನೆಯ ಒಲೆ ಉರಿಯದು. ಆದರೆ ಪಾಪವು ಮಾಡಿದವನಿಗಷ್ಟೇ ಅಲ್ಲ, ಮಾಡಿಸಿದವನಿಗೂ ಅನುಮೋದಿಸಿದವನಿಗೂ ಉಂಟೆಂದು ಶಾಸ್ತ್ರ ಹೇಳುತ್ತದೆ. ಸಾಗಿಸಿದ ತೂಕಕ್ಕೆ ತಕ್ಕಂತೆ ಬಾಡಿಗೆ ಗೊತ್ತುಮಾಡಿದ ಕ್ಷಣದಲ್ಲಿಯೇ ಗಾಡಿಯ ಮೇಲಿನ ಭಾರವೂ ಬಹುಮಟ್ಟಿಗೆ ಗೊತ್ತಾಗಿಬಿಡುತ್ತದೆ. ಎತ್ತುಗಳು ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುವ ದಿನದ ಖರ್ಚನ್ನೂ ಆ ಬಾಡಿಗೆಯಲ್ಲಿ ಸೇರಿಸಿ ಕೊಡುವ ವ್ಯಾಪಾರಿ ವಿರಳ.