ದಾದಿಯ ಕಾಯಕವೂ ರೋಗಿಯ ಋಣವೂ

ಕೊಡುವುದನ್ನು ಕಲಿಯುವುದು ಕಷ್ಟ. ಪಡೆಯುವುದನ್ನು ಕಲಿಯುವುದು ಅದಕ್ಕಿಂತಲೂ ಕಷ್ಟ. ವೀರಶೈವ ಗೃಹಸ್ಥನು ಹುಟ್ಟಿದಂದಿನಿಂದ ಕೊಡುವ ಪಾಠವನ್ನು ಕೇಳುತ್ತ ಬೆಳೆಯುತ್ತಾನೆ. ಮನೆಗೆ ಬಂದ ಜಂಗಮಕ್ಕೆ ಅನ್ನ, ಮಠದ ದಾಸೋಹಕ್ಕೆ ರಾಗಿ ಮತ್ತು ತೆಂಗಿನಕಾಯಿ, ಹಸಿದ ಅತಿಥಿಗೆ ಒಂದು ತುತ್ತು, ಇವೆಲ್ಲವೂ ಅವನ ಕೈಗೆ ಅಭ್ಯಾಸವಾಗಿರುತ್ತವೆ. ಆದರೆ ದೊಡ್ಡ ರೋಗವೊಂದು ದೇಹವನ್ನು ಹೊಕ್ಕ ದಿನ ಕೊಡುವ ಕೈ ಕೆಳಗಾಗುತ್ತದೆ. ಆಗ ನೀರು ಕುಡಿಸುವವರು ಬೇರೆಯವರು, ಮೈ ತೊಳೆಯುವವರು ಬೇರೆಯವರು. ಆ ಹೊತ್ತಿನಲ್ಲಿ ಉಪಕಾರವನ್ನು ಹೇಗೆ ಸ್ವೀಕರಿಸಬೇಕು, ಆ ಋಣವನ್ನು ಹೇಗೆ ತೀರಿಸಬೇಕು ಎಂಬುದು ಸದ್ಭಕ್ತರು ಆರೋಗ್ಯವಿರುವಾಗಲೇ ವಿಚಾರಿಸತಕ್ಕ ವಿಷಯವಾಗಿದೆ.

ದೃಷ್ಟಾಂತಕ್ಕಾಗಿ ಬೋರನಕಣಿವೆಯ ಸೀಮೆಯ ಒಬ್ಬ ಗೃಹಸ್ಥನನ್ನು ಭಾವಿಸಬಹುದು. ಅವನು ಇಂಥವನೆಂದು ಬೆರಳು ತೋರಿಸಿ ಹೇಳತಕ್ಕವನಲ್ಲ. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತೆಂಗಿನ ನಾಡಿನಲ್ಲಿ ಅಂಥವರು ಯಾವ ಊರಲ್ಲಾದರೂ ಇರಬಹುದು. ಸುವರ್ಣಮುಖಿ ನದಿಗೆ ಅಡ್ಡಲಾಗಿ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಜಲಾಶಯದ ಆಸುಪಾಸಿನಲ್ಲಿ ಅವನ ತೋಟ. ಅಟ್ಟದ ಮೇಲೆ ಕಾಯಿಗಳು ತಿಂಗಳುಗಟ್ಟಲೆ ಒಣಗಿ, ಒಳಗಿನ ನೀರು ಇಂಗಿ, ಉಂಡೆ ಕೊಬ್ಬರಿಯಾಗುವ ತನಕ ಕಾಯುವ ತಾಳ್ಮೆ ಅವನಿಗುಂಟು. ತೆಂಗಿನ ಕಾಂಡದಿಂದ ಕಂದುಬಣ್ಣದ ರಸ ಸೋರುವುದನ್ನು ಕಂಡರೆ ಆ ದಿನವೇ ಉಳಿ ಹಿಡಿದು, ಕೊಳೆತ ಭಾಗವನ್ನು ಕೆತ್ತಿ, ಔಷಧಿ ಬಳಿಯುವ ಎಚ್ಚರವೂ ಉಂಟು. ಆದರೆ ತನ್ನ ಕೆನ್ನೆಯ ಒಳಗೆ ಎದ್ದ ಹುಣ್ಣನ್ನು ಮಾತ್ರ ಅವನು ಆರು ತಿಂಗಳು ಉದಾಸೀನ ಮಾಡಿದನು. ಎಲೆ, ಅಡಿಕೆ, ಹೊಗೆಸೊಪ್ಪು ದಿನವೂ ಅದೇ ಕೆನ್ನೆಯಲ್ಲಿ ಕೂತಿರುತ್ತಿದ್ದವು. ಬಾಯಿ ಪೂರ್ತಿ ತೆರೆಯದಂತಾದಾಗ, 130 ಕಿಲೋಮೀಟರಿಗೂ ಹೆಚ್ಚು ದೂರದ ಬೆಂಗಳೂರಿಗೆ ಅವನನ್ನು ಕರೆದೊಯ್ದರು. ಅಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ನಾಡಿನ ಮೂಲೆಮೂಲೆಯ ಕ್ಯಾನ್ಸರ್ ರೋಗಿಗಳನ್ನು ಕಾಣುವ ಸ್ಥಾನ.

ಊರಿನಲ್ಲಿದ್ದಾಗಲೇ ಅವನಿಗೆ ಒಂದು ದುಃಖ ತಗುಲಿತ್ತು. ಹುಣ್ಣು ವಾಸನೆ ಹೊಡೆಯತೊಡಗಿದ ಮೇಲೆ ಮನೆಯಲ್ಲಿ ಅವನ ತಟ್ಟೆಲೋಟಗಳು ಬೇರೆಯಾದವು, ಹಾಸಿಗೆ ಪಡಸಾಲೆಯಿಂದ ಹಿತ್ತಿಲ ಕೋಣೆಗೆ ಹೋಯಿತು, ಮೊಮ್ಮಕ್ಕಳನ್ನು ಹತ್ತಿರ ಬಿಡುವುದು ನಿಂತಿತು. ಯಾರೂ ಕೆಟ್ಟವರಲ್ಲ; ಎಲ್ಲರೂ ಅಂಜಿದವರು. ಕ್ಯಾನ್ಸರ್ ಸ್ಪರ್ಶದಿಂದಾಗಲಿ, ಎಂಜಲಿನಿಂದಾಗಲಿ, ಉಸಿರಿನಿಂದಾಗಲಿ ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲವೆಂಬ ಸತ್ಯ ಆ ಮನೆಗೆ ತಿಳಿದಿರಲಿಲ್ಲ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಶರಣರು ಕಿತ್ತೊಗೆದರೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಮನೆಯಲ್ಲಿಯೇ ರೋಗವೆಂಬ ಆರನೆಯ ಸೂತಕವೊಂದು ಹೀಗೆ ಹುಟ್ಟಿಕೊಂಡಿತು.

ಆ ಸೂತಕವನ್ನು ಕಳೆದವಳು ಆಸ್ಪತ್ರೆಯ ದಾದಿ. ಅವಳ ಜಾತಿ ಯಾವುದು, ಊರು ಯಾವುದು, ಅವಳು ನಂಬಿದ ದೇವರು ಯಾರು ಎಂಬುದು ರೋಗಿಗೆ ತಿಳಿಯದು. ಅವಳು ಮೂಗು ಮುಚ್ಚಲಿಲ್ಲ, ಮುಖ ತಿರುಗಿಸಲಿಲ್ಲ. ಗಾಯವನ್ನು ತೊಳೆದು, ದುರ್ವಾಸನೆಯನ್ನು ಅಡಗಿಸುವ ಪುಡಿಯನ್ನು ಹಾಕಿ, ಹತ್ತಿಬಟ್ಟೆಯನ್ನು ಕಟ್ಟಿದಳು. ಕುತ್ತಿಗೆಗೆ ವಿಕಿರಣ ಕೊಡುವ ದಿನ ಕೊರಳ ಶಿವದಾರವನ್ನು ತೆಗೆಯಬೇಕೆಂದಾಗ ರೋಗಿಯು ನಡುಗಿದನು. ಇಷ್ಟಲಿಂಗವು ಅಂಗವನ್ನು ಅಗಲಬಾರದೆಂಬುದು ಅವನ ನಿಷ್ಠೆ. ಅವಳು ಕ್ಷಣಕಾಲ ನಿಂತು, “ತಾತ, ಕೊರಳಲ್ಲಿ ಇರಬಾರದು ಅಷ್ಟೆ. ನೀವೇ ತೆಗೆದು ಅಂಗೈಯಲ್ಲಿ ಹಿಡಿದುಕೊಂಡು ಮಲಗಿಕೊಳ್ಳಿ. ಡಾಕ್ಟರನ್ನು ನಾನು ಕೇಳಿ ಬರುತ್ತೇನೆ” ಎಂದು ಹೇಳಿ, ಅನುಮತಿ ತಂದಳು. ಕರಸ್ಥಲವೇ ಲಿಂಗದ ನಿಜವಾದ ಪೀಠವೆಂಬುದು ಅವಳಿಗೆ ಯಾರೂ ಬೋಧಿಸಿದ ತತ್ತ್ವವಲ್ಲ. ಎದುರಿಗಿರುವವನ ಭಯವನ್ನು ತನ್ನ ಭಯವೆಂದು ಎಣಿಸಿದ ಮನಸ್ಸಿಗೆ ಆ ದಾರಿ ತಾನಾಗಿ ಹೊಳೆಯಿತು.

ಚಿಕಿತ್ಸೆ ಮುಗಿದು ಊರಿಗೆ ಹೊರಟ ದಿನ ಅವನು ಮಡಿಚಿದ ನೋಟುಗಳನ್ನು ಅವಳ ಕೈಗೆ ಹಾಕಲು ಹೋದನು. “ಬೇಡಿ ತಾತ, ಇದು ನನ್ನ ಕೆಲಸ, ಸಂಬಳ ಬರುತ್ತದೆ” ಎಂದಳು. “ಹಾಗಾದರೆ ತಾಯಿ, ನಿನ್ನ ಕಾಲಿಗೆ ಬೀಳುತ್ತೇನೆ” ಎಂದನು. ಅವಳು ಹಿಂದೆ ಸರಿದು, “ಹಾಗೆಲ್ಲ ಮಾಡಬೇಡಿ, ಮುಂದಿನ ಹಾಸಿಗೆಯವರಿಗೆ ಔಷಧಿಯ ಹೊತ್ತಾಯಿತು” ಎಂದು ನಡೆದಳು. ಋಣ ಹಾಗೆಯೇ ಉಳಿಯಿತು. ಈ ಉಳಿದ ಋಣವೇ ಇಲ್ಲಿ ವಿಚಾರಕ್ಕೆ ಬಂದಿರುವ ವಿಷಯ.

ಹಣವನ್ನು ನಿರಾಕರಿಸಿದುದು ಬರಿಯ ಸೌಜನ್ಯವೆಂದು ತಿಳಿಯಬಾರದು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಆಯ್ದಕ್ಕಿ ಮಾರಯ್ಯನ ಕಥೆ ಸರ್ವವಿದಿತವಾಗಿದೆ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅವನ ಸತಿ ಲಕ್ಕಮ್ಮನು ಸಂತೋಷಪಡಲಿಲ್ಲ. ಹೆಚ್ಚಿನದನ್ನು ಮೊದಲಿದ್ದೆಡೆಯಲ್ಲೇ ಸುರಿದು ಬರಲು ಹೇಳಿದಳು. ಕಾಯಕಕ್ಕೆ ಸಲ್ಲುವಷ್ಟು ಸಾಕು; ಅದಕ್ಕೆ ಮೀರಿದುದು ಆಶೆಯಾಗುತ್ತದೆ, ಆಶೆಯು ಕಾಯಕವನ್ನು ಕೆಡಿಸುತ್ತದೆಂಬುದು ಆ ತಾಯಿಯ ನಿಲುವು. ದಾದಿಯು ಮಡಿಚಿದ ನೋಟನ್ನು ತೆಗೆದುಕೊಂಡಿದ್ದರೆ, ನೋಟು ಕೊಡಲಾರದ ಪಕ್ಕದ ಹಾಸಿಗೆಯವನ ಗತಿಯೇನು? ಅವಳು ನಿರಾಕರಿಸಿದುದು ಆ ಬಡವನ ಪಾಲನ್ನು ಕಾಯ್ದುದೇ ಆಯಿತು. ಅವಳು ಲಕ್ಕಮ್ಮನ ಹೆಸರನ್ನು ಕೇಳಿರಲಿ, ಕೇಳದಿರಲಿ, ಲಕ್ಕಮ್ಮನ ಮಾರ್ಗದಲ್ಲಿಯೇ ನಡೆದಳು.

ನಮಸ್ಕಾರವನ್ನು ನಿರಾಕರಿಸಿದುದರಲ್ಲಿಯೂ ಪಾಠವಿದೆ. ಉಪಕಾರಿಯನ್ನು ದೇವತೆಯೆಂದು ಪೀಠದ ಮೇಲೆ ಕೂಡಿಸಿ ಕೈಮುಗಿಯುವುದು ಸುಲಭ. ಹಾಗೆ ಮಾಡಿದವನು ಆ ಕೆಲಸ ತನ್ನಿಂದಾಗದೆಂದು ತನಗೆ ತಾನೇ ಬಿಡುಗಡೆ ಕೊಟ್ಟುಕೊಳ್ಳುತ್ತಾನೆ. ದೇವತೆಗೆ ದಣಿವಿಲ್ಲ, ಹಸಿವಿಲ್ಲ; ದಾದಿಗೆ ಎರಡೂ ಉಂಟು. ರಾತ್ರಿಯೆಲ್ಲ ನಿಂತ ಕಾಲು ನೋಯುತ್ತದೆ. ಅವಳ ಮನೆಯಲ್ಲಿಯೂ ಮಕ್ಕಳು ಕಾಯುತ್ತಿರುತ್ತಾರೆ. ಅವಳಿಗೆ ಬೇಕಾದುದು ಆರತಿಯಲ್ಲ. ಹೊತ್ತಿಗೆ ಸರಿಯಾದ ಸಂಬಳ, ಸಾಕಷ್ಟು ಜೊತೆಗಾರರು, ರೋಗಿಯ ಕಡೆಯವರಿಂದ ಗದರಿಕೆಯಿಲ್ಲದ ಮಾತು. ಶರಣರು ಕಾಯಕ ಮಾಡುವವರನ್ನು ಗೌರವಿಸಿದುದು ಹೊಗಳಿಕೆಯಿಂದಲ್ಲ, ಸಮಾನ ಪಂಕ್ತಿಯಿಂದ. ಹಗ್ಗ ಹೊಸೆಯುವ ನುಲಿಯ ಚಂದಯ್ಯನಿಗೂ, ಮಡಿವಾಳ ಮಾಚಯ್ಯನಿಗೂ, ವೈದ್ಯ ಸಂಗಣ್ಣನಿಗೂ ಅಲ್ಲಿ ಒಂದೇ ಪಂಕ್ತಿ ಇದ್ದಿತು. ಹುಲ್ಲು ಕೊಯ್ಯುವಾಗ ಜಾರಿ ಬಿದ್ದ ಲಿಂಗಕ್ಕಿಂತಲೂ ಜಂಗಮ ದಾಸೋಹದ ಕಾಯಕವನ್ನೇ ಚಂದಯ್ಯನು ಮುಂದೆ ಮಾಡಿದನೆಂದೂ, ಲಿಂಗವೇ ಅವನ ಬೆನ್ನುಹತ್ತಿ ಬಂದಿತೆಂದೂ ಶರಣರ ಚರಿತೆಗಳು ಹೇಳುತ್ತವೆ. ತೆಂಗಿನ ನಾರಿನಿಂದ ಹಗ್ಗ ಹೊಸೆಯುವ ಸೀಮೆಯ ಜನರಿಗೆ ಈ ಕಥೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ಹಾಸಿಗೆಯ ಔಷಧಿಗಾಗಿ ನಮಸ್ಕಾರವನ್ನು ಬಿಟ್ಟು ನಡೆದವಳು ಚಂದಯ್ಯನ ಬಳಗಕ್ಕೆ ಸೇರಿದವಳು.

ಹಾಗಾದರೆ ಋಣವು ತೀರುವ ಬಗೆ ಯಾವುದು? ಲೋಕದ ಇನ್ನೊಂದು ಮೂಲೆಯಲ್ಲಿ ನಡೆದ ಸಂಗತಿಯೊಂದು ಇದಕ್ಕೆ ಬೆಳಕು ಕೊಡುತ್ತದೆ. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಎಂಬಾಕೆ ದಾದಿಯಾಗಿ ತರಬೇತಾದವಳು. ಬೆನ್ನುನೋವಿನಿಂದ ಆ ಕೆಲಸವನ್ನು ಬಿಡಬೇಕಾಗಿ ಬಂದು, ಆಸ್ಪತ್ರೆಯಲ್ಲಿ ರೋಗಿಗಳ ಯೋಗಕ್ಷೇಮ ವಿಚಾರಿಸುವ ಉದ್ಯೋಗಕ್ಕೆ ಸೇರಿದಳು. ಅಲ್ಲಿ ಪೋಲೆಂಡಿನಿಂದ ಬಂದ ಡೇವಿಡ್ ಟಾಸ್ಮಾ ಎಂಬ ಯೆಹೂದ್ಯನು ಕ್ಯಾನ್ಸರಿನಿಂದ ಸಾಯುತ್ತಿದ್ದನು, ಬಂಧುಬಳಗವಿಲ್ಲದವನು. ಅವನ ಬಳಿ ಕೂತು ಅವಳು ಮಾತಾಡುತ್ತಿದ್ದಳು. ಸಾಯುವವರಿಗೆ ನೋವಿಲ್ಲದ, ಮರ್ಯಾದೆಯುಳ್ಳ ಒಂದು ಮನೆ ಬೇಕೆಂಬುದು ಅವರಿಬ್ಬರ ಮಾತಿನಲ್ಲಿಯೇ ಹುಟ್ಟಿದ ವಿಚಾರ. 1948ರಲ್ಲಿ ತೀರಿಕೊಂಡಾಗ ಅವನು ಅವಳಿಗೆ 500 ಪೌಂಡುಗಳನ್ನು ಬಿಟ್ಟುಹೋದನು. ಅವಳು ಮುಂದೆ ಕಟ್ಟುವ ಮನೆಗೆ ತಾನೊಂದು ಕಿಟಕಿಯಾಗಬೇಕೆಂಬುದು ಅವನ ಆಸೆಯಾಗಿತ್ತು. ಅವಳು ವೈದ್ಯಶಾಸ್ತ್ರವನ್ನು ಓದಿ, ಹತ್ತೊಂಬತ್ತು ವರ್ಷಗಳ ಅನಂತರ, 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ ಎಂಬ ಹೆಸರಿನ ಆ ಮನೆಯನ್ನು ತೆರೆದಳು. ಅಲ್ಲಿ ಆ ಕಿಟಕಿಯೂ ಇದೆ. ಲೋಕದ ಅನೇಕ ದೇಶಗಳಿಗೆ ಅದೇ ಮಾದರಿಯಾಯಿತು. ಬೆಂಗಳೂರಿನಲ್ಲಿ 1994ರಲ್ಲಿ ಆರಂಭವಾದ ಟ್ರಸ್ಟೊಂದು ಮಾರತಹಳ್ಳಿಯ ಬಳಿ 1999ರಿಂದ ನಡೆಸುತ್ತಿರುವ ಕರುಣಾಶ್ರಯವೂ ಗುಣವಾಗದ ಹಂತಕ್ಕೆ ಬಂದ ಕ್ಯಾನ್ಸರ್ ರೋಗಿಗಳನ್ನು ಜಾತಿಮತಗಳ ಎಣಿಕೆಯಿಲ್ಲದೆ, ಹಣ ಪಡೆಯದೆ ನೋಡಿಕೊಳ್ಳುತ್ತಿದೆ.

ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಆ ರೋಗಿಯ ಕೃತಜ್ಞತೆಯು ಉಪಕಾರಿಯಲ್ಲಿಗೆ ಮರಳಿ ನಿಂತುಹೋಗಲಿಲ್ಲ. ಮುಂದಿನ ರೋಗಿಯ ಕಡೆಗೆ ಹರಿಯಿತು. ಕಣಿವೆಗೆ ಬಂದ ನೀರು ಅಲ್ಲಿಯೇ ನಿಂತರೆ ಪಾಚಿ ಕಟ್ಟುತ್ತದೆ. ಕಾಲುವೆಯಲ್ಲಿ ಹರಿದರೆ ತೋಟವಾಗುತ್ತದೆ. ಮಾಡಿದೆನೆಂಬ ಭಾವ ಮಾಡಿದವನಲ್ಲಿ ನಿಲ್ಲಬಾರದೆಂದು ಶರಣಧರ್ಮ ಹೇಳುತ್ತದೆ. ಪಡೆದೆನೆಂಬ ಭಾವವೂ ಪಡೆದವನಲ್ಲಿಯೇ ನಿಲ್ಲಬಾರದೆಂಬುದು ಅದರ ಇನ್ನೊಂದು ಮುಖ. ಪ್ರಸಾದವನ್ನು ಪಡೆದವನು ಅದನ್ನು ಹಂಚಿ ಉಣ್ಣುವಂತೆ, ಕರುಣೆಯನ್ನು ಪಡೆದವನೂ ಹಂಚಬೇಕು.

ಈ ಹಂಚಿಕೆಗೆ ಹಣವಂತಿಕೆ ಬೇಕಿಲ್ಲ. ಮೊದಲನೆಯದು ಮನೆಯೊಳಗಿನ ಶುಶ್ರೂಷೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗಲು ಬದಲಾಯಿಸಿದರೆ ಬೆನ್ನುಹುಣ್ಣನ್ನು ಬಹುಮಟ್ಟಿಗೆ ತಡೆಯಬಹುದು. ನುಂಗಲಾರದವರಿಗೆ ಮೂಗಿನ ನಳಿಕೆಯಿಂದ ಸೋಸಿದ ರಾಗಿಯ ಗಂಜಿಯನ್ನು ಕೊಡುವ ಕ್ರಮವನ್ನು ದಾದಿಯರು ಕಲಿಸುತ್ತಾರೆ. ಗಂಡಸರೂ ಅದನ್ನು ಕಲಿಯಬೇಕು, ಸೊಸೆಯೊಬ್ಬಳ ತಲೆಗೆ ಹೊರಿಸಬಾರದು. ತಟ್ಟೆಲೋಟ ಬೇರೆ ಮಾಡುವ ಅಗತ್ಯವಿಲ್ಲ. ನೋವನ್ನು ಕರ್ಮವೆಂದು ಸಹಿಸೆಂದು ಬೋಧಿಸುವ ಅಗತ್ಯವೂ ಇಲ್ಲ. ತೀವ್ರವಾದ ಕ್ಯಾನ್ಸರ್ ನೋವಿಗೆ ಮಾರ್ಫಿನ್ ಎಂಬ ಔಷಧಿಯುಂಟು. 1985ರ ಮಾದಕ ವಸ್ತುಗಳ ಕಾಯಿದೆಯ ಬಿಗಿಯಿಂದ ಅದು ದುರ್ಲಭವಾಗಿದ್ದಿತು. 2014ರ ತಿದ್ದುಪಡಿಯು ಆ ಬಿಗಿಯನ್ನು ಸಡಿಲಿಸಿತು. ವೈದ್ಯರ ಅಳತೆಯಲ್ಲಿ, ನೋವಿಗಾಗಿ, ಹೊತ್ತು ತಪ್ಪದೆ ಕೊಟ್ಟಾಗ ಚಟ ಹತ್ತುವುದೆಂಬ ಭಯ ಬಹುಮಟ್ಟಿಗೆ ಹುಸಿ. ನರಳುವವನ ನೋವನ್ನು ಇಳಿಸಬಲ್ಲವನು ಇಳಿಸದೆ ಉಪದೇಶ ಮಾಡುವುದು ಧರ್ಮವೆನಿಸದು.

ಎರಡನೆಯದು ಎಚ್ಚರ. ಹೊಗೆಸೊಪ್ಪಷ್ಟೇ ಅಲ್ಲ, ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ನಿರ್ಣಯದಲ್ಲಿ ಹೇಳಿದೆ. ಅಡಿಕೆಯನ್ನು ಬೆಳೆಯುವ ನಾಡಿಗೆ ಇದು ಕಹಿಯಾದ ಮಾತು, ಕಹಿಯಾದರೂ ಮುಚ್ಚಿಡತಕ್ಕದ್ದಲ್ಲ. ಬಾಯಿಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ದಿನದಿನಕ್ಕೆ ಕಿರಿದಾಗುವ ಬಾಯಿ, ಇವನ್ನು ಕಂಡವರು ಅಂದೇ ವೈದ್ಯರಲ್ಲಿಗೆ ಹೋಗಬೇಕು. ಮರದ ಕಾಂಡಕ್ಕೆ ತೋರುವ ಎಚ್ಚರವನ್ನು ತನ್ನ ಕಾಯಕ್ಕೂ ತೋರಿಸುವುದು ಸ್ವಾರ್ಥವಲ್ಲ. ಕಾಯವು ಲಿಂಗದ ನೆಲೆಯಾದುದರಿಂದ ಅದನ್ನು ಕಾಯುವುದೂ ಪೂಜೆಯೇ. ಹೋಗಿಬಂದವನು ನೆರೆಯವನಿಗೆ ಹೇಳಿದರೆ ಅದು ದಾಸೋಹ.

ಮೂರನೆಯದು ಮನಸ್ಸಿನ ಬಾಗಿಲು. ದಾದಿಯ ಉದ್ಯೋಗಕ್ಕೆ ಹೋಗುತ್ತೇನೆಂದ ಮಗಳನ್ನು, ಪರರ ಮಲಮೂತ್ರ ತೊಳೆಯುವ ಕೆಲಸವೆಂದು ಮೂದಲಿಸಿ ತಡೆದ ಮನೆಗಳುಂಟು. ಆ ಉದ್ಯೋಗದವಳೆಂದು ಹೆಣ್ಣನ್ನು ಒಲ್ಲೆನೆಂದ ಮನೆಗಳೂ ಉಂಟು. ಅದೇ ಮನೆಗಳ ಹಿರಿಯರು ಆಸ್ಪತ್ರೆಯ ಹಾಸಿಗೆಯಲ್ಲಿ ದಾದಿಯನ್ನು ತಾಯಿ ಎಂದು ಕರೆಯುತ್ತಾರೆ. ನೋವಿನಲ್ಲಿ ತಾಯಿಯಾದವಳು ನಂಟಸ್ತಿಕೆಯಲ್ಲಿ ಹೀನಳಾಗುವುದು ಹೇಗೆ? ಕಾಯಕದಲ್ಲಿ ಮೇಲುಕೀಳಿಲ್ಲವೆಂಬುದನ್ನು ಬಸವಜಯಂತಿಯ ವೇದಿಕೆಯಲ್ಲಿ ಒಪ್ಪಿ ಮದುವೆಯ ಮಾತಿನಲ್ಲಿ ಮರೆಯುವವನು ಆ ಋಣವನ್ನು ತೀರಿಸಿದವನಲ್ಲ, ಬೆಳೆಸಿದವನು.

ಕೃತಜ್ಞತೆಯು ಕಣ್ಣೀರಿನಲ್ಲಿ ಹುಟ್ಟುತ್ತದೆ. ಆದರೆ ಕಣ್ಣೀರು ಆರಿದ ಮೇಲೆ ಉಳಿಯುವ ನಡತೆಯಿಂದ ಅದನ್ನು ಅಳೆಯಬೇಕು. ಗುಣಮುಖನಾದವನು ತಾನು ಪಡೆದ ಕರುಣೆಯನ್ನು ಇನ್ನೊಬ್ಬನ ಹಾಸಿಗೆಯ ಬಳಿಗೆ ಒಯ್ಯಲಿ. ಗುಣವಾಗದವನಿಗೂ ಮಾಡಲು ಕೆಲಸವಿದೆ. ನಾಲ್ಕು ಜನರ ಮುಂದೆ ಬಾಯಿ ತೆರೆದು ತನ್ನ ಹುಣ್ಣನ್ನು ತೋರಿಸಿ, ಎಲೆಯಡಿಕೆಯ ಚೀಲವನ್ನು ದೂರ ಮಾಡಿರೆಂದು ಹೇಳುವ ಒಂದು ಮಾತು ಅವನ ದಾಸೋಹವಾಗುತ್ತದೆ. ನೋಡಿಕೊಳ್ಳುವವರಿಗೆ ತಾಳ್ಮೆಯೂ, ನರಳುವವರಿಗೆ ಉಪಶಮನವೂ, ಪಡೆದವರಿಗೆ ಹಂಚುವ ಬುದ್ಧಿಯೂ ಲಿಂಗದೇವನ ಕೃಪೆಯಿಂದ ಉಂಟಾಗಲಿ.